ನಮ್ಮ ಬಡಾವಣೆ ಪಾರ್ಕು: ಕಾರಂಜಿಗೂ ಮೊದಲು ಮರದ ಬುಡ ಬಿಡಿಸೋಣ

(ಬಡಾವಣೆಯವರ ನಡುವಿನ ಚರ್ಚೆ ಇದು. ಪ್ರತಿ ಭಾಗದ ಮೇಲಿರೋದು ಬರೆದವರ ಅಡ್ಡಹೆಸರು.)

ರೆಂಜೆಕಟ್ಟೆ

ಪಾರ್ಕಿಗೆ ಸ್ವಲ್ಪ ದುಡ್ಡು ಬರುತ್ತೆ ಅನ್ನೋ ಮಾತು ಎಲ್ಲರ ಕಿವಿಗೂ ಬಿದ್ದಿರಬೇಕು. ಅದರ ಜೊತೆ ಒಂದು ಪಟ್ಟಿಯೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಕಾರಂಜಿ, ಬಣ್ಣದ ದೀಪ, ಫೋಟೋ ತೆಗೆಸಿಕೊಳ್ಳೋಕೆ ದೊಡ್ಡ ಅಕ್ಷರದ ಬೋರ್ಡು, ಉಳಿದಿರೋ ಮಣ್ಣಿನ ಜಾಗಕ್ಕೂ ಇಂಟರ್‌ಲಾಕ್ ಕಲ್ಲು. ಇದು ಗಟ್ಟಿಯಾಗೋ ಮೊದಲೇ ಒಂದು ಮಾತು ಹೇಳಬೇಕು ಅಂತ ಬರೀತಿದ್ದೀನಿ.

ನಮ್ಮ ಪಾರ್ಕು ಹೆಚ್ಚು ಕಡಿಮೆ 20 ಗುಂಟೆ. ನಡುವೆ ರೆಂಜೆ ಮರ, ಆಚೀಚೆ ಎರಡು ಹೊಂಗೆ, ಹಿಂದಿನ ಗೇಟಿನ ಹತ್ತಿರ ನೇರಳೆ. ಬಾಕಿ ಗಿಡಗಳು ಬಂದವು, ಹೋದವು. ಉಳಿದದ್ದು ಈ ನಾಲ್ಕೇ. ಕೆಲವು ವರ್ಷದ ಹಿಂದೆ ಇಂಟರ್‌ಲಾಕ್ ಹಾಕಿದವರು ಮರದ ಕಾಂಡಕ್ಕೆ ತಾಗುವ ಹಾಗೆ ಕೆಳಗೆ ಕಾಂಕ್ರೀಟ್ ಸುರಿದು ಕೂರಿಸಿ ಹೋದರು. ಈಗ ರೆಂಜೆಯ ತುದಿ ಕೊಂಬೆಗಳು ಒಣಗುತ್ತಾ ಬಂದಿವೆ. ಮರಕ್ಕೆ ವಯಸ್ಸಾಯ್ತು ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪಲ್ಲ. ರೆಂಜೆ ಬಹಳ ಕಾಲ ಬಾಳುವ ಮರ. ನೀರು, ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆ ಚಾಚಿದ್ದಕ್ಕಿಂತ ದೂರಕ್ಕೂ ಹರಡಿರುತ್ತವೆ. ಆ ಮಣ್ಣಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ ಅಂದರೆ ಮರ ಮೇಲಿನಿಂದ ಒಣಗದೆ ಇನ್ನೇನು? ದೆಹಲಿಯ ಮರಗಳಿಗೆ ಹೀಗೇ ಆದಾಗ, ಪ್ರತಿ ಮರದ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಸಬೇಕು ಅಂತ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಮಾಡಿತ್ತು. ನಮಗೆ ಆದೇಶ ಬರುವ ತನಕ ಕಾಯಬೇಕಾಗಿಲ್ಲ.

ನನ್ನ ಪ್ರಕಾರ ಮಳೆ ಹಿಡಿಯೋದರೊಳಗೆ ಮೂರು ಕೆಲಸ ಆಗಬೇಕು. ನಾಲ್ಕೂ ಮರದ ಬುಡ ಬಿಡಿಸೋದು. ಮೂಲೆಯಲ್ಲಿ ಬೆಳಗಾದರೆ ಎಲೆ ಸುಡೋದನ್ನ ನಿಲ್ಲಿಸೋದು. ಪಾರ್ಕಿನ ಮಳೆನೀರು ಗೇಟು ದಾಟಿ ರಸ್ತೆಗೆ ಹೋಗಿ ಎದುರು ಮನೆಯವರ ಅಂಗಳಕ್ಕೆ ನುಗ್ಗೋದನ್ನ ತಡೆದು ಇಲ್ಲೇ ಇಂಗಿಸೋದು. ಮಣ್ಣು, ನೆರಳು, ನೀರು ಸರಿಯಾದರೆ ಪಾರ್ಕು ತಾನೇ ಎದ್ದು ಕೂರುತ್ತೆ. ಅದು ಬಿಟ್ಟು ಮೇಲೆ ಏನು ಕಟ್ಟಿದರೂ ಎರಡು ಮಳೆಗಾಲಕ್ಕೆ ಹಾವಸೆ (ಪಾಚಿ) ಹಿಡಿಯುತ್ತೆ.

ಭಾನುವಾರ ಬೆಳಿಗ್ಗೆ ಸೇರುವವರು ಯಾರು? ಒಪ್ಪದವರೂ ಬರೆಯಿರಿ.

ಸೊಪ್ಪಿನಬೆಟ್ಟ

ನಾನು ಬರ್ತೀನಿ. ಎಲೆ ವಿಷಯ ನನಗೆ ಬಿಡಿ.

ನಾನು ಸಾಗರದ ಕಡೆಯವನು. ನಮ್ಮಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರುವ ಕಾಡು, ಇಲ್ಲದಿದ್ದರೆ ತೋಟವೇ ಇಲ್ಲ. ಬೇಸಿಗೆಯಲ್ಲಿ ದರಕು (ಉದುರಿದ ಒಣ ಎಲೆ) ಗುಡಿಸಿ ತಂದು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ಬುಡಕ್ಕೆ ಹಾಕುತ್ತಾರೆ. ಅದೇ ಜನ ಶಿವಮೊಗ್ಗಕ್ಕೆ ಬಂದು ಮನೆ ಕಟ್ಟಿದ ಮೇಲೆ ಎಲೆ ಅಂದರೆ ಕಸ ಅಂದುಕೊಳ್ಳೋದು ನೋಡಿದರೆ ಹೊಟ್ಟೆ ಉರಿಯುತ್ತೆ ಮಾರಾಯ್ರೆ.

ಗುಂಡಿ ತೋಡೋದು ಬೇಡ, ಮಳೆಗಾಲದಲ್ಲಿ ನೀರು ನಿಂತು ಕೊಳೆತು ನಾರುತ್ತೆ. ನೆಲದ ಮೇಲೆ ತಂತಿ ಜಾಲರಿಯನ್ನು ನಾಲ್ಕು ಅಡಿ ಅಗಲದ ಬಳೆ ಮಾಡಿ ನಿಲ್ಲಿಸೋಣ. ಒಂದು ಮೊಳ ದರಕು, ಮೇಲೆ ತೆಳ್ಳಗೆ ಸಗಣಿ ನೀರು, ಸ್ವಲ್ಪ ಹಸಿ ಹುಲ್ಲು, ಮತ್ತೆ ದರಕು. ಕೈಯಲ್ಲಿ ಹಿಂಡಿದರೆ ತೇವ ಗೊತ್ತಾಗಬೇಕು, ನೀರು ಸುರಿಯಬಾರದು. ಎರಡು ವಾರಕ್ಕೊಮ್ಮೆ ಮಗುಚಿ ಹಾಕಿದರೆ ನಾಲ್ಕೈದು ತಿಂಗಳಿಗೆ ಕಪ್ಪು ಗೊಬ್ಬರ. ಹೊಂಗೆ ಎಲೆ ಬೇಗ ಕಳಿಯುತ್ತೆ. ರಸ್ತೆ ಬದಿಯ ಅಕೇಶಿಯಾ ಎಲೆ ಮಾತ್ರ ಬಹಳ ದಿನ ಹಾಗೇ ಇರುತ್ತೆ, ಅದನ್ನ ಬೇರೆ ಬಳೆಗೆ ಹಾಕೋಣ ಅಥವಾ ಗಿಡದ ಬುಡಕ್ಕೆ ಮುಚ್ಚಿಗೆ ಮಾಡೋಣ. ಮಳೆ ಜೋರಾದಾಗ ಮೇಲೆ ಅಡಿಕೆ ಸೋಗೆ ಹೊದೆಸಿದರೆ ಸಾಕು.

ಇನ್ನು, ಬಯಲಲ್ಲಿ ಕಸ ಸುಡೋದನ್ನ 2016ರ ಘನತ್ಯಾಜ್ಯ ನಿಯಮಗಳಲ್ಲೇ ನಿಷೇಧಿಸಿದ್ದರು. ನಿಯಮಕ್ಕಿಂತ ದೊಡ್ಡದು ಅಂದರೆ ಆ ಹೊಗೆ ನೇರ ಹೋಗೋದು ಪಕ್ಕದ ಅಂಗನವಾಡಿಗೆ.

ಎರಡನೇ ಕ್ರಾಸ್

ನನ್ನದು ವಿರೋಧ, ನೇರವಾಗಿ ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ.

ಇಂಟರ್‌ಲಾಕ್ ಬರೋಕೆ ಮುಂಚೆ ಈ ಪಾರ್ಕು ಹೇಗಿತ್ತು ಅಂತ ನನಗೆ ನೆನಪಿದೆ. ಆಷಾಢದಲ್ಲಿ ಕಾಲಿಟ್ಟರೆ ಕೆಸರು. ನಮ್ಮತ್ತೆ ಅಲ್ಲೇ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು, ಆಮೇಲೆ ವಾಕಿಂಗ್ ಅನ್ನೋದೇ ನಿಂತು ಹೋಯ್ತು. ವಯಸ್ಸಾದವರಿಗೆ ಮನೆಯಿಂದ ಹೊರಗೆ ಬರೋಕೆ ಇರೋದು ಇದೊಂದೇ ಜಾಗ. ಅವರಿಗೆ ಗಟ್ಟಿ ನೆಲ ಬೇಕು. ಮರದ ಮೇಲೆ ಪ್ರೀತಿ ಇರಲಿ, ಆದರೆ ಪಾರ್ಕು ಮನುಷ್ಯರಿಗೂ ಅಲ್ವಾ?

ಎರಡನೇದು, ಎಲೆ ರಾಶಿ ಹಾಕಿದರೆ ಹಾವು ಬರುತ್ತೆ, ಸೊಳ್ಳೆ ಬರುತ್ತೆ. ಹೋದ ಮಳೆಗಾಲದಲ್ಲಿ ನಮ್ಮ ಸಾಲಿನಲ್ಲೇ ಡೆಂಗ್ಯೂ ಆಗಿತ್ತು. ಮಂಗಗಳೂ ಬರ್ತಾವೆ, ಅವುಗಳ ಮೈಯ ಉಣ್ಣಿ ದರಕಿನಲ್ಲಿ ಸೇರಿಕೊಂಡರೆ ಮಂಗನ ಕಾಯಿಲೆ ಭಯ ಬೇರೆ. ಮಕ್ಕಳು ಅಲ್ಲೇ ಆಡ್ತಾರೆ.

ಆಶಾ ಅಕ್ಕ

ಎರಡನೇ ಕ್ರಾಸ್‌ನವರೇ, ನೀವು ಕೇಳಿದ್ದು ಸರಿಯಾಗಿದೆ. ನಾನು ಮನೆ ಮನೆಗೆ ಹೋಗಿ ಲಾರ್ವಾ (ಸೊಳ್ಳೆ ಮರಿ) ನೋಡುವವಳು, ನನಗೆ ಗೊತ್ತಿರೋದನ್ನ ಹೇಳ್ತೀನಿ.

ಡೆಂಗ್ಯೂ ತರುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ನಿಂತ ತಿಳಿನೀರಿನ ಅಂಚಿನಲ್ಲಿ. ಎಳನೀರು ಚಿಪ್ಪು, ಹಳೇ ಟೈರು, ಪ್ಲಾಸ್ಟಿಕ್ ಲೋಟ, ಸಿಮೆಂಟ್ ತೊಟ್ಟಿ. ಮೊಟ್ಟೆ ಸೊಳ್ಳೆಯಾಗೋಕೆ ಏಳರಿಂದ ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಂದು ಸಲ ನೀರು ಚೆಲ್ಲಿ ಅಂತ ನಾವು ಬಾಯಿ ನೋಯುವಷ್ಟು ಹೇಳೋದು. ಒದ್ದೆ ಎಲೆ ರಾಶಿಯಲ್ಲಿ ಅದು ಹುಟ್ಟಲ್ಲ, ನೀರು ನಿಲ್ಲಬಾರದು ಅಷ್ಟೇ. ಹಾಗೆ ನೋಡಿದರೆ ನನಗೆ ಹೆದರಿಕೆ ಇರೋದು ಕಾರಂಜಿಯದ್ದೇ. ಮೋಟಾರು ಕೆಟ್ಟು ನಿಂತ ಕಾರಂಜಿ ತೊಟ್ಟಿಯಷ್ಟು ಒಳ್ಳೆ ಸೊಳ್ಳೆ ಮನೆ ಇನ್ನೊಂದಿಲ್ಲ.

ಮಂಗನ ಕಾಯಿಲೆ ನಮ್ಮ ಜಿಲ್ಲೆಯದ್ದೇ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. ಅದು ಕಾಡಿನ ಉಣ್ಣಿಯಿಂದ ಬರೋದು, ಹೆಚ್ಚಾಗಿ ಕಾಡಂಚಿನಲ್ಲಿ ಸೌದೆ, ದರಕು ತರಲು ಹೋಗುವವರಿಗೆ. ಊರೊಳಗಿನ ಪಾರ್ಕಿನ ಎಲೆಗೆ ಅಷ್ಟು ಹೆದರಬೇಕಾಗಿಲ್ಲ. ಆದರೆ ಕಾಡಿನಿಂದ ಲೋಡುಗಟ್ಟಲೆ ದರಕು ತಂದು ಇಲ್ಲಿ ಹಾಕೋದು ಬೇಡ. ಎಲ್ಲಾದರೂ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಹಾವಿನ ಬಗ್ಗೆ: ಗೊಬ್ಬರದ ಬಳೆ ಆಟದ ಜಾಗದಿಂದ ದೂರ, ಕಾಂಪೌಂಡ್ ಮೂಲೆಗೆ ಇರಲಿ. ಮಗುಚುವವರು ಬೂಟು ಹಾಕಿಕೊಂಡು ಉದ್ದ ಹಿಡಿಯ ಕೋಲಿನಲ್ಲಿ ಮಗುಚಲಿ. ಊಟದ ಎಂಜಲು ಹಾಕಬೇಡಿ. ಎಂಜಲಿಗೆ ಇಲಿ ಬರುತ್ತೆ, ಇಲಿಯ ಹಿಂದೆ ಹಾವು ಬರುತ್ತೆ.

ಜಂಬಿಟ್ಟಿಗೆ

ಸಿವಿಲ್ ಕೆಲಸದಲ್ಲಿ ಇರೋನು ನಾನು. ರೆಂಜೆಕಟ್ಟೆಯವರ ಮಾತೂ ಎರಡನೇ ಕ್ರಾಸ್‌ನವರ ಮಾತೂ ಒಂದೇ ಪಾರ್ಕಿನಲ್ಲಿ ಹಿಡಿಸುತ್ತವೆ.

ಗಟ್ಟಿ ನೆಲ ಬೇಕಾಗಿರೋದು ನಡೆಯೋ ದಾರಿಗೆ. ಕಾಂಪೌಂಡ್ ಒಳಗೆ ಸುತ್ತಲೂ ಐದಾರು ಅಡಿ ಅಗಲದ ದಾರಿ ಇರಲಿ, ಇಬ್ಬರು ಜೊತೆಯಾಗಿ ನಡೆಯಬಹುದು, ಗಾಲಿಕುರ್ಚಿಯೂ ಹೋಗುತ್ತೆ. ಈಗಿರೋ ಇಂಟರ್‌ಲಾಕನ್ನೇ ಎಬ್ಬಿಸಿ ಅದಕ್ಕೆ ಬಳಸಬಹುದು, ಹೊಸದು ಒಂದೂ ಬೇಡ. ಆದರೆ ಕೆಳಗೆ ಕಾಂಕ್ರೀಟ್ ಬೇಡವೇ ಬೇಡ. ಜಲ್ಲಿ ಹಾಸಿ, ಮೇಲೆ ಮರಳು, ಅದರ ಮೇಲೆ ಕಲ್ಲು, ಮಧ್ಯದಿಂದ ಅಂಚಿಗೆ ಸ್ವಲ್ಪ ಇಳಿಜಾರು. ನೀರು ನಿಲ್ಲದಿದ್ದರೆ ಹಾವಸೆ ಕಡಿಮೆ. ಮರದ ನೆರಳು ದಟ್ಟವಾಗಿ ಬೀಳುವ ಕಡೆ ಹೇಗೂ ಹಾವಸೆ ಹಿಡಿಯುತ್ತೆ, ಅಲ್ಲಿ ನಯವಾದ ಕಲ್ಲಿನ ಬದಲು ಒರಟು ಮೈಯ ಜಂಬಿಟ್ಟಿಗೆ ಹಾಕಿ, ಮಳೆಗಾಲದಲ್ಲಿ ಆಗಾಗ ಕಡ್ಡಿ ಪೊರಕೆಯಲ್ಲಿ ಉಜ್ಜಬೇಕು. ಇದಕ್ಕೆ ಬೇರೆ ದಾರಿ ಇಲ್ಲ.

ನೀರಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಇಂಗುಗುಂಡಿ ಅಂದರೆ ಎಲ್ಲ ಆಯ್ತು ಅಂದುಕೊಳ್ಳುವವರು ಬಹಳ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 20 ಗುಂಟೆ ಅಂದರೆ ಸುಮಾರು 2000 ಚದರ ಮೀಟರ್. ಒಂದು ದಿನ 50 ಮಿಲಿಮೀಟರ್ ಸುರಿದರೆ ಪಾರ್ಕಿನ ಮೇಲೆ ಬೀಳೋದು ಒಂದು ಲಕ್ಷ ಲೀಟರ್. ಉದ್ದ, ಅಗಲ, ಆಳ ಒಂದೊಂದು ಮೀಟರಿನ ಗುಂಡಿ ಹಿಡಿಯೋದು ಒಂದು ಸಾವಿರ ಲೀಟರ್, ಅದಕ್ಕೆ ದಪ್ಪ ಕಲ್ಲು ತುಂಬಿಸಿದರೆ ಅರ್ಧವೂ ಇಲ್ಲ. ಅಂದರೆ ನಾಲ್ಕು ಗುಂಡಿ ತೋಡಿ ಫೋಟೋ ತೆಗೆದರೆ ಏನೂ ಆಗಲ್ಲ. ಆ ಲಕ್ಷ ಲೀಟರಿನಲ್ಲಿ ದೊಡ್ಡ ಪಾಲನ್ನ ಕುಡಿಯಬೇಕಾದ್ದು ನೆಲವೇ. ಈಗ ನೆಲ ಒಂದೋ ಮುಚ್ಚಿದೆ, ಇಲ್ಲಾ ಕಾಲು ತುಳಿದು ತುಳಿದು ಕಲ್ಲಾಗಿದೆ. ಮೇಲೆ ಗೊಬ್ಬರ, ದರಕಿನ ಮುಚ್ಚಿಗೆ ಇದ್ದರೆ ಎರೆಹುಳ ಬರುತ್ತೆ, ಅದು ಮಾಡುವ ತೂತುಗಳಲ್ಲಿ ನೀರು ಇಳಿಯುತ್ತೆ. ಹೆಚ್ಚಿದ್ದು ಹರಿಯೋಕೆ ತಗ್ಗಿನ ಕಡೆ ಒಂದು ಉದ್ದದ ಹುಲ್ಲಿನ ಚಡಿ, ಅದರ ಕೊನೆಗೆ ಇಂಗುಗುಂಡಿ. ಒಂದು ದಿನದಲ್ಲಿ ಇಂಗಿ ಹೋಗುವಷ್ಟೇ ಆಳ ಇರಲಿ, ಆಗ ಆಶಾ ಅಕ್ಕನಿಗೂ ಚಿಂತೆ ಇಲ್ಲ.

ಹಿಂದಿನ ಮೂಲೆಯಲ್ಲಿ ಚಪ್ಪಡಿ ಮುಚ್ಚಿದ ಹಳೇ ಬಾವಿ ಇದೆ, ಎಷ್ಟು ಜನಕ್ಕೆ ಗೊತ್ತು? ಅದನ್ನ ಹೂಳು ಎತ್ತಿಸಿ, ಮೇಲೆ ಭದ್ರವಾದ ಜಾಲರಿ ಹಾಕಿದರೆ ಬೇಸಿಗೆಯಲ್ಲಿ ಗಿಡಕ್ಕೆ ನೀರು ಅಲ್ಲೇ ಸಿಗಬಹುದು. ರಸ್ತೆಯ ನೀರನ್ನ ಮಾತ್ರ ಅದಕ್ಕೆ ಬಿಡಬಾರದು, ಎಣ್ಣೆ ಗ್ರೀಸು ಎಲ್ಲ ಸೇರುತ್ತೆ.

ಟೆನಿಸ್ ಬಾಲ್

ನಾವು ಹುಡುಗರ ಪರವಾಗಿ. ನಡುವಿನ ಜಾಗ ಖಾಲಿ ಬಿಡಿ ಪ್ಲೀಸ್. ಬೇರೆ ಊರಲ್ಲಿ ಮಾಡಿದ ಹಾಗೆ ಇಲ್ಲೂ ಮಿಯಾವಾಕಿ ಕಾಡು ಮಾಡೋಣ ಅಂತ ಯಾರೋ ಹೇಳ್ತಿದ್ರು. ಕಾಡು ಮಾಡಿದರೆ ನಾವು ರಸ್ತೆಯಲ್ಲಿ ಆಡಬೇಕು, ರಸ್ತೆಯಲ್ಲಿ ಆಡಿದರೆ ಬೈಸ್ಕೋಬೇಕು. ನೆಹರೂ ಸ್ಟೇಡಿಯಂಗೆ ಚಿಕ್ಕ ಮಕ್ಕಳನ್ನ ದಿನಾ ಯಾರು ಕರ್ಕೊಂಡು ಹೋಗ್ತಾರೆ? ಕೆಲಸಕ್ಕೆ ಬರ್ತೀವಿ, ಹನ್ನೆರಡು ಜನ ಇದ್ದೀವಿ.

ಸಸಿಮಡಿ

ಟೆನಿಸ್ ಬಾಲ್ ಹೇಳಿದ್ದಕ್ಕೆ ನನ್ನ ಪೂರ್ತಿ ಬೆಂಬಲ. ಜಪಾನಿನ ಅಕಿರಾ ಮಿಯಾವಾಕಿ ಅವರ ವಿಧಾನದಲ್ಲಿ ಚದರ ಮೀಟರಿಗೆ ಮೂರರಂತೆ ಗಿಡ ಒತ್ತೊತ್ತಾಗಿ ನೆಡ್ತಾರೆ. ಕೈಗಾರಿಕಾ ಪ್ರದೇಶದ ಬರಡು ಜಾಗಕ್ಕೆ ಅದು ಚೆನ್ನ. ಮನುಷ್ಯರು ಓಡಾಡಿ, ಕೂತು, ಆಡುವ 20 ಗುಂಟೆಗೆ ಹೊಂದಲ್ಲ. ನಮಗೆ ಬೇಕಾದ್ದು ನೆರಳು ಕೊಡುವ ಕೆಲವೇ ಮರ, ಅಂಚಿಗೆ ಪೊದೆ, ನಡುವೆ ಬಯಲು.

ಏನು ನೆಡಬೇಕು ಅಂದರೆ, ಮಲೆನಾಡಿನಲ್ಲಿ ಕೂತು ಹೊರಗಿನ ಗಿಡ ಹುಡುಕುವ ಕರ್ಮ ನಮಗೆ ಯಾಕೆ? ಸುರಗಿ ಇದೆ, ಹೂವು ಒಣಗಿದ ಮೇಲೂ ಪರಿಮಳ ಬಿಡಲ್ಲ. ಸೀತಾ ಅಶೋಕ ಇದೆ, ನೆರಳಿನಲ್ಲೂ ಬೆಳೆಯುತ್ತೆ, ದೊಡ್ಡದಾಗಿ ಹರಡಲ್ಲ, ಕಾಂಪೌಂಡ್ ಪಕ್ಕಕ್ಕೆ ಹೇಳಿ ಮಾಡಿಸಿದ್ದು. ನೀರು ತಂಗುವ ತಗ್ಗಿಗೆ ಹೊಳೆದಾಸವಾಳ. ಬಿಸಿಲಿನ ಕಡೆಗೆ ಕಕ್ಕೆ. ಹುಳಿ ಮುರುಗಲು ಒಂದೆರಡು ಇರಲಿ, ಹಣ್ಣಿಗೆ ಹಕ್ಕಿಯೂ ಬರುತ್ತೆ, ಮಕ್ಕಳೂ ಬರ್ತಾರೆ. ಅತ್ತಿ, ಆಲ, ಹಲಸು ನಮ್ಮ ಜಾಗಕ್ಕೆ ದೊಡ್ಡದಾಯ್ತು. ಆಲದ ಬೇರು ಬಾವಿಯನ್ನೂ ಬಿಡಲ್ಲ. ಬೇಗ ಹಸಿರಾಗುತ್ತೆ ಅಂತ ಕೊನೊಕಾರ್ಪಸ್ ಅನ್ನೋ ಹೊರಗಿನ ಗಿಡ ತರೋದು ಬೇಡ, ಗುಜರಾತಿನಲ್ಲಿ 2023ರಲ್ಲಿ ಅದನ್ನ ನೆಡೋದನ್ನೇ ನಿಷೇಧಿಸಿದರು.

ಗುಂಡಿಯನ್ನ ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡಬೇಕು, ಎರಡಡಿ ಉದ್ದ, ಅಗಲ, ಆಳ. ಎರಡು ಒಳ್ಳೆ ಮಳೆ ಬಿದ್ದು ನೆಲ ತಂಪಾದ ಮೇಲೆ ನೆಡೋದು. ನರ್ಸರಿಯಲ್ಲಿ ಎತ್ತರದ ಗಿಡಕ್ಕೆ ಆಸೆ ಪಡಬೇಡಿ, ಪ್ಯಾಕೆಟ್ಟಿನಲ್ಲಿ ಬೇರು ಸುತ್ತಿಕೊಂಡಿರುತ್ತೆ. ಮೊಣಕಾಲೆತ್ತರದ, ಕಾಂಡ ದಪ್ಪಗಿರೋ ಸಸಿ ಆರಿಸಿ. ಗೊಂದಲವಿದ್ದರೆ ನವುಲೆಯ ಕೃಷಿ ಸಂಶೋಧನಾ ಕೇಂದ್ರದವರನ್ನ ಕೇಳಬಹುದು, ಹತ್ತಿರದಲ್ಲೇ ಇದ್ದಾರೆ.

ಮಳೆಗಾಲದಲ್ಲಿ ಗಿಡ ನೆಡೋದು ಯಾರು ಬೇಕಾದರೂ ಮಾಡ್ತಾರೆ. ಫೆಬ್ರವರಿಯಿಂದ ಮೇ ತನಕ ನೀರು ಹಾಕುವವರ ಹೆಸರು ಮೊದಲು ಬರೆದಿಡಿ, ಎಷ್ಟು ಹೆಸರು ಸಿಕ್ಕವೋ ಅಷ್ಟೇ ಗಿಡ ನೆಡೋಣ. ಇದರಲ್ಲಿ ನಾನು ಗಟ್ಟಿಯಾಗಿ ನಿಲ್ತೀನಿ.

ಪೂರ್ವದ ಮೂಲೆಯ ಕಾಂಗ್ರೆಸ್ ಗಿಡವನ್ನ ಹೂ ಬಿಡುವ ಮೊದಲೇ ಬೇರು ಸಮೇತ ಕೀಳಬೇಕು, ಕೈಗೆ ಗ್ಲೌಸ್ ಹಾಕಿಕೊಂಡು, ಕೆಲವರಿಗೆ ಮೈಯೆಲ್ಲ ತುರಿಕೆ ಬರುತ್ತೆ. ಅದರ ಎಲೆ ತಿನ್ನುವ ಸಣ್ಣ ಪಟ್ಟೆಯ ಜೀರುಂಡೆ ಕಂಡರೆ ಕೊಲ್ಲಬೇಡಿ. ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು, ಅದು ನಮ್ಮ ಕಡೆಯದ್ದೇ ಆಳು.

ಕಾಯ್ದೆ ಓದುವವ

ಕೆಲಸ ಶುರು ಮಾಡುವ ಮೊದಲು ಎರಡು ವಿಷಯ. ಪಾರ್ಕು ಸಾರ್ವಜನಿಕ ಸ್ವತ್ತು, ಇಂಟರ್‌ಲಾಕ್ ಕೂಡ. ನಾವು ನಾವೇ ಹಾರೆ ತಗೊಂಡು ಹೋಗಿ ಕಿತ್ತರೆ ನಾಳೆ ಬೇರೆ ಮಾತು ಬರುತ್ತೆ. ಮಹಾನಗರ ಪಾಲಿಕೆಗೆ ಒಂದು ಪತ್ರ, ಜೊತೆಗೆ ಜಂಬಿಟ್ಟಿಗೆಯವರು ಹೇಳಿದ್ದರ ನಕ್ಷೆ, ನಿವಾಸಿಗಳ ಸಹಿ. ಅನುಮತಿ ಕೈಗೆ ಬಂದ ಮೇಲೇ ಹಾರೆ ಎತ್ತೋಣ. ಹಾಗೇ ಒಣಗಿದ ಕೊಂಬೆ ಅಂತ ನಾವೇ ಮರ ಹತ್ತಿ ಕಡಿಯೋದು ಬೇಡ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು.

ಎರಡನೆಯದು, ಬಾವಿ ಇರುವ ಮೂಲೆಯಲ್ಲಿ ಸಣ್ಣದೊಂದು ಕಟ್ಟಡ ಮಾಡೋಣ ಅನ್ನುವ ಮಾತು ಅಲ್ಲಲ್ಲಿ ಕೇಳ್ತಿದೆ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ನಾನು ಒಪ್ಪಲ್ಲ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನ ಉಳಿಸೋಕೆ ಅಂತಲೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಆಸ್ಪತ್ರೆಯೂ ಜನರಿಗೆ ಬೇಕಾದ್ದೇ, ಆದರೆ ಪಾರ್ಕಿನ ಜಾಗ ಅದಕ್ಕಲ್ಲ.

ನಮ್ಮ ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿಯನ್ನ ಮಾಹಿತಿ ಹಕ್ಕಿನಲ್ಲಿ ಕೇಳ್ತೀನಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಜಾಗದ ಅಳತೆ ಕಾಗದದಲ್ಲಿ ಕೈಯಲ್ಲಿದ್ದರೆ ಮಾತು ಗಟ್ಟಿಯಾಗಿ ಆಡಬಹುದು. ಸಂಘ ನೋಂದಣಿ ಮಾಡಿಸಬೇಕು ಅಂದರೆ 1960ರ ಸಂಘಗಳ ಕಾಯ್ದೆಯಲ್ಲಿ ಏಳು ಜನ ಸಾಕು, ಆದರೆ ಆತುರ ಬೇಡ. ಮೊದಲು ಕೆಲಸ ಆಗಲಿ, ಸಂಘ ಆದ ದಿನವೇ ಅಧ್ಯಕ್ಷರ ಜಗಳ ಶುರುವಾಗೋದನ್ನ ಬೇರೆ ಕಡೆ ನೋಡಿದ್ದೀನಿ.

ಬೆಳಗಿನ ಪೊರಕೆ

ನಮ್ಮಮ್ಮ ಪೌರಕಾರ್ಮಿಕರು. ನಿಮ್ಮ ಪಾರ್ಕಲ್ಲ, ಬೇರೆ ಬಡಾವಣೆ. ಎಲೆ ಸುಡುವವರ ಬಗ್ಗೆ ಎಲ್ಲರೂ ಬರೆದಿದ್ದೀರಿ, ಯಾಕೆ ಸುಡ್ತಾರೆ ಅಂತ ಒಬ್ಬರೂ ಕೇಳಲಿಲ್ಲ.

ಬೆಳಿಗ್ಗೆ ಕತ್ತಲಲ್ಲೇ ಗುಡಿಸೋಕೆ ಶುರು. ಬೇಸಿಗೆಯಲ್ಲಿ ಒಂದು ರಸ್ತೆ ಮುಗಿಯೋದರೊಳಗೆ ಹಿಂದಿನ ರಸ್ತೆಯಲ್ಲಿ ಮತ್ತೆ ಎಲೆ ಬಿದ್ದಿರುತ್ತೆ. ಗುಡಿಸಿದ ಎಲೆ ಎಲ್ಲಿ ಹಾಕಬೇಕು? ಹಸಿ ಕಸ ಒಣ ಕಸದ ಗಾಡಿಗೆ ಎಲೆ ತುಂಬಿದರೆ ಮನೆಗಳ ಕಸಕ್ಕೆ ಜಾಗ ಇಲ್ಲ. ರಾಶಿ ಬಿಟ್ಟರೆ ಗಾಳಿಗೆ ಹಾರಿ ಯಾರದ್ದೋ ಗೇಟಿಗೆ ಹೋಗುತ್ತೆ, ಅವರು ಬೈತಾರೆ. ಆ ರಾಶಿಯೊಳಗೆ ಚಿಪ್ಸ್ ಪ್ಯಾಕೆಟ್, ಡೈಪರ್, ಬಾಟಲಿ ಚೂರು ತಂದು ಸೇರಿಸುವವರು ವಾಕಿಂಗ್ ಬರುವವರೇ. ಬೆಂಕಿ ಹಾಕೋದು ಅಮ್ಮನಿಗೂ ಇಷ್ಟ ಇಲ್ಲ, ಹೊಗೆಯನ್ನ ಮೊದಲು ಕುಡಿಯೋದು ಅವರೇ.

ತಂತಿ ಬಳೆ ಇಡ್ತೀರಿ ಅಂದರೆ ಅದು ದೊಡ್ಡ ಉಪಕಾರ, ಎಲೆ ಹಾಕೋಕೆ ಒಂದು ಜಾಗ ಆಯ್ತು. ಅದರ ಜೊತೆ ಎರಡು ಮಾಡಿ. ಒಂದು ನಲ್ಲಿ. ಒಂದು ಶೌಚಾಲಯ, ಬೀಗ ಹಾಕದ್ದು. ಗುಡಿಸುವ ಹೆಂಗಸರು ಬೆಳಗಿನಿಂದ ಮಧ್ಯಾಹ್ನದ ತನಕ ನೀರು ಕುಡಿಯದೆ ಇರ್ತಾರೆ, ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಂಡಿದ್ದೀನಿ. ಕಾರಂಜಿ ಪಟ್ಟಿಯಲ್ಲಿ ಇದೆ, ಶೌಚಾಲಯ ಇಲ್ಲ.

ಎರಡನೇ ಕ್ರಾಸ್

ಬೆಳಗಿನ ಪೊರಕೆಯವರು ಬರೆದದ್ದನ್ನ ಓದಿ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಶೌಚಾಲಯ ಪತ್ರದಲ್ಲಿ ಮೊದಲನೇ ಸಾಲಿಗೆ ಬರಲಿ. ವಾಕಿಂಗ್ ಬರುವ ನಮ್ಮಂಥ ಹೆಂಗಸರಿಗೂ ಅದು ಬೇಕು, ಇಷ್ಟು ದಿನ ನಾವೂ ಬಾಯಿ ಬಿಟ್ಟು ಕೇಳಿಲ್ಲ.

ಸುತ್ತು ದಾರಿ ಗಟ್ಟಿಯಾಗಿರುತ್ತೆ ಅಂದರೆ ಮರದ ಬುಡ ಬಿಡಿಸೋಕೆ ನನ್ನ ತಕರಾರಿಲ್ಲ. ಆದರೆ ದೀಪ ಬೇಕು. ಬಣ್ಣದ್ದಲ್ಲ, ದಾರಿ ಕಾಣುವಂಥದ್ದು. ಸಂಜೆ ಏಳರ ಮೇಲೆ ಹಿಂದಿನ ಗೇಟಿನ ಕಡೆ ಹೆಣ್ಣುಮಕ್ಕಳು ಹೋಗಲ್ಲ. ರಾತ್ರಿ ಅಲ್ಲಿ ಕೂತು ಕುಡಿದು ಬಾಟಲಿ ಒಡೆದು ಹೋಗ್ತಾರೆ, ಬೆಳಿಗ್ಗೆ ಮಕ್ಕಳ ಕಾಲಿಗೆ ಚುಚ್ಚುತ್ತೆ. ಗೇಟಿಗೆ ಬೀಗವೂ ಬೇಕು.

ಸಸಿಮಡಿ

ದೀಪ ಸೊಂಟದೆತ್ತರದ ಕಂಬಕ್ಕೆ, ಬೆಳಕು ಕೆಳಗೆ ಬೀಳುವ ಹಾಗೆ ಇದ್ದರೆ ಒಳ್ಳೆಯದು. ಮರದೊಳಗೆ ಬೆಳಕು ತೂರಿಸಿದರೆ ಅಲ್ಲಿ ಕೂರುವ ಹಕ್ಕಿಗಳಿಗೆ ರಾತ್ರಿಯೇ ಇರಲ್ಲ. ನೇರಳೆಯಲ್ಲಿ ಕುಟ್ರು ಹಕ್ಕಿ ಗೂಡು ಕೊರೆದಿದೆ.

ಹಳೇ ಬಾಡಿಗೆದಾರ

ಗೇಟಿಗೆ ಬೀಗ ಅಂದ ಕೂಡಲೇ ನನಗೆ ಸಂಕಟ ಆಗುತ್ತೆ. ಮಧ್ಯಾಹ್ನ ಈ ಪಾರ್ಕಿನ ಬೆಂಚಿನ ಮೇಲೆ ಮಲಗೋದು ಯಾರು? ತಳ್ಳುಗಾಡಿಯವರು, ಡೆಲಿವರಿ ಹುಡುಗರು, ಆಸ್ಪತ್ರೆಗೆ ಹಳ್ಳಿಯಿಂದ ಬಂದವರ ಜೊತೆಯವರು. ಅವರಿಗೆ ಈ ಊರಲ್ಲಿ ದುಡ್ಡು ಕೊಡದೆ ಕೂರುವ ನೆರಳು ಎಲ್ಲಿದೆ? ರಾತ್ರಿ ಬೀಗ ಹಾಕಿ, ಬೇಡ ಅನ್ನಲ್ಲ. ಹಗಲಿನಲ್ಲಿ ಹತ್ತರಿಂದ ನಾಲ್ಕರ ತನಕ ಮುಚ್ಚುವ ಪದ್ಧತಿ ಮಾತ್ರ ನಮ್ಮಲ್ಲಿ ಬರಬಾರದು.

ಇನ್ನೊಂದು. ಗಣಪತಿ ಇಡುವಾಗ, ರಾಜ್ಯೋತ್ಸವದಲ್ಲಿ ರೆಂಜೆಗೆ ಮೊಳೆ ಹೊಡೆದು ಸೀರಿಯಲ್ ಲೈಟು, ಫ್ಲೆಕ್ಸು ಕಟ್ತಾರೆ. ಹಬ್ಬ ಆಗಲಿ, ಈ ಪಾರ್ಕಿನಲ್ಲಿ ಅಕ್ಕಪಕ್ಕದವರ ಮುಖ ನೋಡೋದೇ ಹಬ್ಬಕ್ಕೆ. ಅದಕ್ಕೆ ನಾಲ್ಕು ಕಬ್ಬಿಣದ ಕಂಬ ನೆಟ್ಟುಬಿಡಿ, ಮರಕ್ಕೆ ಮೊಳೆ ಬೇಡ. ಹಳೇ ಮೊಳೆ ಕೀಳುವ ಕೆಲಸ ನನಗೆ ಕೊಡಿ, ಕಟಿಂಗ್ ಪ್ಲೇಯರ್ ಇದೆ.

ರೆಂಜೆಕಟ್ಟೆ

ಎಲ್ಲರ ಮಾತೂ ಸೇರಿಸಿ ಪತ್ರ ಬರೆದೆ. ಸೋಮವಾರ ಕೊಡ್ತೀವಿ, ಕಾಯ್ದೆ ಓದುವವರೂ ಜೊತೆಗೆ ಬರ್ತಾರೆ. ಪತ್ರದಲ್ಲಿ ಶೌಚಾಲಯ ಮತ್ತು ನಲ್ಲಿ ಮೊದಲು, ಆಮೇಲೆ ಮರದ ಬುಡ, ಸುತ್ತು ದಾರಿ, ತಗ್ಗಿನ ಚಡಿ, ದೀಪ. ಕಾರಂಜಿ ಬೇಡ ಅಂತ ಕಾರಣ ಸಮೇತ ಬರೆದಿದ್ದೀವಿ. ಬಾವಿಯ ವಿಷಯ ಬೇರೆ ಪತ್ರ, ಅದಕ್ಕೆ ಒಳಗಿಳಿದು ನೋಡುವ ಅನುಭವ ಇರುವವರೇ ಬರಬೇಕು, ನಮ್ಮಲ್ಲಿ ಯಾರೂ ಚಪ್ಪಡಿ ಸರಿಸಬೇಡಿ. ಎಷ್ಟೋ ವರ್ಷ ಮುಚ್ಚಿದ ಬಾವಿಯೊಳಗೆ ಉಸಿರಾಡುವ ಗಾಳಿ ಇರಲ್ಲ.

ಬೀಗದ ಬಗ್ಗೆ ಒಮ್ಮತ ಆಗಿಲ್ಲ. ರಾತ್ರಿ ಹತ್ತಕ್ಕೆ ಹಾಕೋದು ಯಾರು, ಬೆಳಿಗ್ಗೆ ಐದಕ್ಕೆ ತೆಗೆಯೋದು ಯಾರು ಅಂತ ತೀರ್ಮಾನ ಆಗೋ ತನಕ ಅದನ್ನ ಪತ್ರದಲ್ಲಿ ಸೇರಿಸಿಲ್ಲ.

ಬೇಸಿಗೆ ನೀರಿನ ಪಟ್ಟಿಯಲ್ಲಿ ಈ ತನಕ ಒಂಬತ್ತು ಮನೆ ಹೆಸರು ಕೊಟ್ಟಿವೆ. ಹಾಗಾಗಿ ಒಂಬತ್ತೇ ಗುಂಡಿ.

ಟೆನಿಸ್ ಬಾಲ್

ಹತ್ತನೇದು ನಮ್ಮ ಟೀಮಿಂದು. ಹೊಳೆದಾಸವಾಳ ನಮಗಿರಲಿ, ಬೌಂಡರಿ ಲೈನಿನ ಆಚೆ ನೆಡೋಣ.

ಸೊಪ್ಪಿನಬೆಟ್ಟ

ಅನುಮತಿ ಬರೋ ತನಕ ಕೈ ಕಟ್ಟಿ ಕೂರೋದು ಬೇಡ. ಎಲೆ ಗುಡಿಸೋಕೆ, ಕಾಂಗ್ರೆಸ್ ಗಿಡ ಕೀಳೋಕೆ ಯಾರ ಸಹಿಯೂ ಬೇಕಾಗಿಲ್ಲ, ಈ ಭಾನುವಾರ ಅದೇ ಮಾಡೋಣ. ಜಾಲರಿ ನನ್ನ ಹತ್ತಿರ ಎರಡು ಬಳೆಗಾಗುವಷ್ಟಿದೆ. ಸಗಣಿ ಬೇಕು, ಎರಡು ಬಕೆಟ್.

ಎರಡನೇ ಕ್ರಾಸ್

ಸಗಣಿ ನಮ್ಮ ಹಾಲಿನವರ ಮನೆಯಿಂದ ತರಿಸ್ತೀನಿ. ಏಳು ಗಂಟೆಗೆ ಅಲ್ವಾ? ಕಾಫಿ ನಮ್ಮನೆಯಿಂದ. ಗುಡಿಸೋಕೆ ಬರುವ ಅಕ್ಕನಿಗೂ ಹೇಳಿದ್ದೀನಿ, ಬಳೆ ಎಲ್ಲಿ ಇಟ್ಟರೆ ಅವರಿಗೆ ಅನುಕೂಲ ಅಂತ ಅವರೇ ಬಂದು ತೋರಿಸ್ತಾರಂತೆ.